ಹಗ್ಗ ಸಡಿಲ ಬಿಡಿ

ಆಪರೇಷನ್ ಥಿಯೇಟರಿನ ಹಸಿರು ಹೊದಿಕೆಯ ಅಂಚನ್ನು ಗದ್ದಕ್ಕೆ ಒತ್ತಿಕೊಂಡು ಉಳಿದ ಮೂಲೆಗಳಿಗಾಗಿ ಕೈಯಾಡಿಸುತ್ತಿದ್ದೆ. ಒಂದು ಸಿಕ್ಕಿತು, ಇನ್ನೊಂದು ಜಾರಿ ನೆಲಕ್ಕೆ ಬಿತ್ತು. ನೆಲ ಮುಟ್ಟಿದ್ದು ಮತ್ತೆ ಒಗೆಯುವ ಬುಟ್ಟಿಗೆ ಹೋಗಬೇಕು, ಅದು ಆಸ್ಪತ್ರೆಯ ಕಾನೂನು. ಆ ಬೆಳಿಗ್ಗೆ ಹಾಗೆ ಬುಟ್ಟಿ ಸೇರಿದವುಗಳ ರಾಶಿ ನೋಡಿ ನನಗೇ ನಗು ಬರುತ್ತಿತ್ತು.

ಅವು ಇಬ್ಬರು ಮಡಿಸುವ ಬಟ್ಟೆಗಳು. ನನ್ನ ಜೊತೆ ಮಡಿಸುವವಳನ್ನು ನಾವೆಲ್ಲ ಗುಂಡುಪಿನ್ ಎನ್ನುತ್ತೇವೆ. ಗಿಡ್ಡ, ಚೂಪು, ಎಲ್ಲಿ ಕೂತರೂ ಚುಚ್ಚುತ್ತಾಳೆ. ಅವಳು ಹಲ್ಲುನೋವೆಂದು ರಜಾ ಹಾಕಿದ್ದಳು. ಸಾಲದ್ದಕ್ಕೆ ಸಾಮಾನಿನ ಲಿಫ್ಟು ಒದ್ದೆ ಬಟ್ಟೆಯ ಟ್ರಾಲಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಎರಡು ಮಹಡಿಗಳ ನಡುವೆ ಮುನಿಸಿಕೊಂಡು ನಿಂತಿತ್ತು.

ಅದನ್ನು ರಿಪೇರಿ ಮಾಡಲು ಬಂದವರು ಬಾಗಿಲಲ್ಲಿ ನಿಂತು ನನ್ನ ಸರ್ಕಸ್ಸು ನೋಡುತ್ತಿದ್ದರು. ದೊಡ್ಡ ಆಳು. ತಲೆಯಲ್ಲಿ ಕಪ್ಪಿಗಿಂತ ಬಿಳಿಯೇ ಹೆಚ್ಚು. ಕೈಯಲ್ಲಿ ಸಲಕರಣೆಯ ಚೀಲ.

"ಮೇಡಂ, ಲಿಫ್ಟು..."

"ಲಿಫ್ಟು ಎಲ್ಲೂ ಓಡಿಹೋಗಲ್ಲ. ಓಡೋ ಹಾಗಿದ್ರೆ ನಿಮ್ಮನ್ನ ಯಾಕೆ ಕರೆಸ್ತಿದ್ವಿ? ಕೈ ತೊಳ್ಕೊಂಡು ಬಂದು ಈ ತುದಿ ಹಿಡೀರಿ."

ಚೀಲ ಕೆಳಗಿಟ್ಟು, ಮೊಣಕೈವರೆಗೂ ಸೋಪು ಹಚ್ಚಿ ತೊಳೆದು ಬಂದರು. ಬಂದು, ಮೊದಲ ಸಲಕ್ಕೇ ಮೂಲೆ ಸರಿಯಾಗಿ ಹಿಡಿದರು.

ಮಡಿಸುವ ಕೆಲಸದಲ್ಲಿ ಒಂದು ಸಂಗತಿಯಿದೆ. ದೂರ ನಿಂತು ಬಟ್ಟೆಯನ್ನು ಒದರಿದ ಮೇಲೆ ಇಬ್ಬರೂ ಎದುರೆದುರು ನಡೆದು ಬಂದು, ಕೈಗೆ ಕೈ ತಾಕಿಸಿ ಮೂಲೆ ಒಪ್ಪಿಸಬೇಕು. ಪ್ರತಿ ಮಡಿಕೆಗೂ ಹೀಗೆ. ಗುಂಡುಪಿನ್ ಜೊತೆ ಎಷ್ಟೋ ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ, ಒಮ್ಮೆಯೂ ಗಮನಕ್ಕೆ ಬಂದಿರಲಿಲ್ಲ. ಆ ದಿನ ಬಂತು.

ಅವರ ಬೆರಳ ತುದಿಗಳೆಲ್ಲ ತರಚಿಕೊಂಡಿದ್ದವು.

"ಬೆರಳಿಗೇನಾಯ್ತು? ಲಿಫ್ಟು ಕಚ್ಚಿತಾ?"

"ಲಿಫ್ಟು ಸಾಧುಪ್ರಾಣಿ ಮೇಡಂ. ಇದು ಗೋಡೆ ಕಚ್ಚಿದ್ದು. ಭಾನುವಾರ ಗೋಡೆ ಹತ್ತುತ್ತೀನಿ."

"ಕಳ್ಳತನಕ್ಕಾ?"

ಅವರು ನಕ್ಕರು. ನಕ್ಕಾಗ ಹೊದಿಕೆಯೂ ನಡುಗಿತು. ಆ ನಡುಕ ಬಟ್ಟೆಯುದ್ದಕ್ಕೂ ಹರಿದು ಬಂದು ನನ್ನ ಬೆರಳನ್ನು ಮುಟ್ಟಿತು.

"ಬಸ್ ಡಿಪೋ ಹಿಂದೆ ಒಂದು ಹಳೇ ಗೋದಾಮಿದೆ. ಅದರ ಗೋಡೆಗೆ ಹಿಡಿಕೆ ಕೂರಿಸಿ, ಮೇಲಿಂದ ಹಗ್ಗ ಇಳಿಬಿಟ್ಟಿದಾರೆ. ಟಾಪ್ ರೋಪ್ ಅಂತಾರೆ. ಹೊಸಬರಿಗೆ ನಾನು ಹೇಳ್ಕೊಡ್ತೀನಿ."

"ಲಿಫ್ಟಿನವರೇ ಜನಕ್ಕೆ ಗೋಡೆ ಹತ್ತೋದು ಕಲಿಸಿದ್ರೆ ಹೊಟ್ಟೆಪಾಡಿಗೇನು ಮಾಡ್ತೀರಿ?"

"ಜನ ಹತ್ತೋದು ಮರೆತಿರೋದಕ್ಕೇ ನನ್ನ ಹೊಟ್ಟೆ ತುಂಬ್ತಿರೋದು. ಆ ಪಾಪ ಎಲ್ಲಾದ್ರೂ ಕಳ್ಕೋಬೇಡ್ವಾ?"

"ನನ್ನ ವಯಸ್ಸಿನೋರು ಬರ್ತಾರಾ ಅಲ್ಲಿಗೆ?"

"ಇಲ್ಲ," ಎಂದರು, ಮೂಲೆಯನ್ನು ನನ್ನ ಕೈಗಿಡುತ್ತಾ. "ಬಂದ್ರೆ ನೀವೇ ಮೊದಲು."

ವಯಸ್ಸೇನು ದೊಡ್ಡದು, ಬನ್ನಿ ಬನ್ನಿ ಎಂದು ಸವರಿದ್ದರೆ ನಾನು ಹೋಗುತ್ತಿರಲಿಲ್ಲ. ಇಲ್ಲ ಎಂದದ್ದಕ್ಕೇ ಹೋದೆ.

*

ಆ ದಿನಗಳಲ್ಲಿ ನನ್ನ ತಲೆಯ ಮೇಲೆ ಇನ್ನೊಂದು ಭಾರ ಕೂತಿತ್ತು. ದೂರದ ಊರಿನಿಂದ ಅಣ್ಣ ಕಾಗದ ಬರೆದಿದ್ದ. ಮಹಡಿಯ ಕೋಣೆಗೆ ಬಣ್ಣ ಹೊಡೆಸಿ ಆಗಿದೆ. ಅತ್ತಿಗೆಗೆ ಮಂಡಿನೋವು. ನಾನು ಆಸ್ಪತ್ರೆಯ ಕೆಲಸ ಬಿಟ್ಟು, ಮನೆ ಖಾಲಿ ಮಾಡಿ ಅವನಲ್ಲಿಗೆ ಹೋಗಿ ಇದ್ದುಬಿಡಬೇಕು. ಗಂಡ ಇಲ್ಲದವಳು, ಮಕ್ಕಳಿಲ್ಲದವಳು, ಐವತ್ತು ದಾಟಿದವಳು ಇನ್ನೆಷ್ಟು ದಿನ ಒಂಟಿಯಾಗಿ ಇರಲಾದೀತು? ಬರುತ್ತೀಯಾ ಎಂದು ಎಲ್ಲೂ ಕೇಳಿರಲಿಲ್ಲ.

ಅಣ್ಣ ಕೆಟ್ಟವನಲ್ಲ. ತೊಂದರೆ ಇರುವುದೇ ಅಲ್ಲಿ. ಕೆಟ್ಟವನಾಗಿದ್ದರೆ ಒಂದೇ ಸಾಲಿನ ಉತ್ತರ ಸಾಕಿತ್ತು. ಗಂಡ ತೀರಿಕೊಂಡಾಗ ನೆಲಕ್ಕೆ ಬಿದ್ದವಳನ್ನು ಎರಡು ಕೈಯಲ್ಲಿ ಎತ್ತಿ ನಿಲ್ಲಿಸಿದವನು ಅವನು. ಎತ್ತಿದ ಕೈಯನ್ನು ಆಮೇಲೆ ಇಳಿಸಲೇ ಇಲ್ಲ, ಅಷ್ಟೆ. ಬಾಡಿಗೆ ಮನೆ ಅವನು ಆರಿಸಿದ. ಕೆಲಸ ಅವನು ನೋಡಿದ. ನನ್ನ ಕನ್ನಡಕದ ಫ್ರೇಮು ಕೂಡ ಅವನಿಗೆ ಒಪ್ಪಿಗೆಯಾದದ್ದು.

ಫೋನಿನಲ್ಲಿ ಹೇಳೋಣವೆಂದರೆ ಅವನಿಗೆ ಕಿವಿ ಮಂದ. ಅವನ ಮಾತು ನಮಗೆ ಕೇಳಿಸುತ್ತದೆ, ನಮ್ಮದು ಅವನಿಗೆ ಕೇಳಿಸುವುದಿಲ್ಲ. ಕಿವಿ ಚೆನ್ನಾಗಿದ್ದ ಕಾಲದಲ್ಲೂ ಹಾಗೇ ಇತ್ತೆನ್ನಿ. ಹಾಗಾಗಿ ಉತ್ತರ ಬರೆಯಲೇಬೇಕು. ತೀರ್ಥರೂಪ ಅಣ್ಣನಿಗೆ ನಿನ್ನ ತಂಗಿ ಮಾಡುವ ನಮಸ್ಕಾರಗಳು, ನಾನು ಇಲ್ಲಿ ಕ್ಷೇಮ. ಇಷ್ಟು ಬರೆದು ಪೆನ್ನು ಮುಚ್ಚುತ್ತಿದ್ದೆ. ಮುಂದೆ ಬರೆಯಬೇಕಾದ್ದು ಒಂದೇ ಪದ. ಹೂಂ ಅನ್ನಲು ಮನಸ್ಸಿಲ್ಲ, ಇಲ್ಲ ಅನ್ನಲು ಬಾಯಿಲ್ಲ.

*

ಭಾನುವಾರ ಗೋದಾಮಿನ ಒಳಗೆ ಕಾಲಿಟ್ಟವಳು ತಲೆ ಎತ್ತಿದೆ, ಇನ್ನೂ ಎತ್ತಿದೆ, ಕುತ್ತಿಗೆ ಟಕ್ಕೆಂದಿತು. ಗೋಡೆ ಚಾವಣಿಯವರೆಗೂ ಹೋಗಿತ್ತು. ಮೈತುಂಬ ಕೆಂಪು, ಹಳದಿ, ನೀಲಿ ಹಿಡಿಕೆಗಳು, ಯಾರೋ ಅರ್ಧ ಚೀಪಿ ಅಂಟಿಸಿದ ಪೆಪ್ಪರಮಿಂಟಿನ ಹಾಗೆ. ಮುಕ್ಕಾಲು ಎತ್ತರದಲ್ಲಿ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಹೊರಕ್ಕೆ ಚಾಚಿತ್ತು.

ಕಲಿಯಲು ಬಂದಿದ್ದ ಇಬ್ಬರು ಕಾಲೇಜು ಹುಡುಗಿಯರು ನನ್ನನ್ನು ನೋಡಿ ಜಾಗ ಬಿಟ್ಟರು.

"ಆಂಟಿ, ಯಾರನ್ನ ಬಿಡೋಕೆ ಬಂದ್ರಿ?"

"ನನ್ನನ್ನೇ," ಎಂದೆ.

ಲಿಫ್ಟಿನವರು ಅತ್ತ ತಿರುಗಿ ಕೆಮ್ಮಿದರು. ಅದು ಕೆಮ್ಮಲ್ಲ, ನಗು.

ಸೊಂಟಕ್ಕೂ ತೊಡೆಗೂ ಪಟ್ಟಿಗಳ ಹಾರ್ನೆಸ್ ಹಾಕಿಸಿದರು. "ಈಗ ಹಗ್ಗದಲ್ಲಿ ಒಂದು ಎಂಟು ಬರೀರಿ. ನಮ್ಮ ಎಂಟಲ್ಲ, ಇಂಗ್ಲಿಷಿನ ಎಂಟು. ತುದೀನ ಹಾರ್ನೆಸ್ಸಿಗೆ ತೂರಿಸಿ. ಇನ್ನು ಬಂದ ದಾರೀಲೇ ವಾಪಸ್ ಹೋಗಿ, ಎಂಟರ ಮೇಲೆ ಎಂಟು ಮಲಗಬೇಕು."

ಮಲಗಿತು. ದಾರ, ಬಟ್ಟೆ, ಮಡಿಕೆಗಳ ನಡುವೆ ಬದುಕಿದವಳಿಗೆ ಅದೇನು ಮಹಾ.

"ಹಗ್ಗದ ಈ ತುದಿ ನಿಮ್ಮ ಹತ್ರ. ಅದು ಮೇಲೆ ಹೋಗಿ, ಆ ಕೊಂಡಿಗಳಲ್ಲಿ ತಿರುಗಿ, ಕೆಳಗೆ ಬಂದು ನನ್ನ ಹತ್ರ. ನೀವು ಹತ್ತಿದಷ್ಟೂ ನಾನು ಸಡಿಲ ಎಳ್ಕೊತೀನಿ. ನೀವು ಜಾರಿದ್ರೆ ನನ್ನ ಸೊಂಟದಲ್ಲಿರೋ ಈ ಯಂತ್ರ ಹಗ್ಗಾನ ಕಚ್ಚಿ ಹಿಡಿಯತ್ತೆ. ಇದಕ್ಕೆ ಬಿಲೇ ಮಾಡೋದು ಅಂತಾರೆ. ಒಂದೇ ನಿಯಮ. ಈ ಬಲಗೈ ಯಾವ ಕಾರಣಕ್ಕೂ ಹಗ್ಗ ಬಿಡೋ ಹಾಗಿಲ್ಲ."

ಆಮೇಲೆ ಪರೀಕ್ಷೆ. ನನ್ನ ಗಂಟನ್ನು ಅವರು ಎಳೆದು ನೋಡಬೇಕು, ಅವರ ಬಕಲನ್ನೂ ಕೊಂಡಿಯ ಬೀಗವನ್ನೂ ನಾನು ಒತ್ತಿ ನೋಡಬೇಕು. ಎಷ್ಟು ವರ್ಷದ ಪಳಗಿದ ಕೈಯಾದರೂ ಪ್ರತಿ ಸಲ ಮಾಡಲೇಬೇಕಂತೆ. ಅವರು ಬಗ್ಗಿ ನನ್ನ ಗಂಟನ್ನೇ ನೋಡುತ್ತಿದ್ದರು. ಗಂಟು ನೋಡಲು ಅಷ್ಟು ಹೊತ್ತು ಯಾಕೆ ಬೇಕೆಂದು ನಾನು ಅವರ ಬಿಳಿಗೂದಲನ್ನು ನೋಡುತ್ತಿದ್ದೆ.

"ಹಿಡಿದಿದ್ದೀರಾ?"

"ಹಿಡಿದಿದ್ದೀನಿ."

"ಹತ್ತಲಾ?"

"ಹತ್ತಿ."

ಮೊದಲ ಹಿಡಿಕೆಗಳು ಮೆಟ್ಟಿಲಿನಂತಿದ್ದವು. ಮುಂದೆ ಕಾಲು ಹೊಲಿಗೆ ಯಂತ್ರದ ಸೂಜಿಯ ಹಾಗೆ ಕುಣಿಯಿತು. ಕೆಳಗೆ ನೋಡಿದೆ. ನೋಡಬಾರದಿತ್ತು.

"ರೀ!" ಎಂದು ಕಿರುಚಿದೆ.

"ಇಲ್ಲೇ ಇದ್ದೀನಿ," ಎಂದು ಉತ್ತರ ಬಂತು.

ಆಗ ವಿಚಿತ್ರವಾಯಿತು. ಮೈ ಹಗುರಾಯಿತು. ಕಾಲು ಹಿಡಿಕೆಯನ್ನು ಹುಡುಕುವ ಮೊದಲೇ ನಾನು ಅದರಿಂದ ಮೇಲಕ್ಕೆ ಹೋಗಿದ್ದೆ. ಗೋಡೆಯ ಉಬ್ಬಿದ ಹೊಟ್ಟೆಯನ್ನು ಬರೀ ಕೈಯಿಂದ ಸವರಿಕೊಂಡು ದಾಟಿದೆ. ಮೇಲಿನ ಕೊಂಡಿಯನ್ನು ಮುಟ್ಟಿದಾಗ ಕೆಳಗೆ ಹುಡುಗಿಯರು ಚಪ್ಪಾಳೆ ತಟ್ಟಿದರು.

ಇಳಿದೆ. ಗಂಟು ಬಿಚ್ಚಿದೆ. ಬೆರಳು ನೋಡಿಕೊಂಡೆ. ಒಂದು ಗೀರೂ ಇಲ್ಲ.

"ನಾನು ಹತ್ತಿದ್ನಾ?"

"ಹತ್ತಿದ್ರಲ್ಲ! ಮೊದಲನೇ ದಿನವೇ!"

"ನನ್ನ ಕಾಲು ಗಾಳೀಲಿತ್ತು. ನಿಜ ಹೇಳಿ."

ಅವರು ಹಗ್ಗ ಸುತ್ತುವುದರಲ್ಲಿ ಮಗ್ನರಾದರು. "ಒಂಚೂರು... ಸಹಾಯ..."

"ಲಿಫ್ಟಿನವರೇ, ನೀವು ಲಿಫ್ಟು ನಡೆಸಿದ್ರಿ."

ಹುಡುಗಿಯರು ನಕ್ಕರು. ನಾನು ನಗಲಿಲ್ಲ. ನನಗೆ ಬಂದ ಸಿಟ್ಟು ಆ ಗೋಡೆಗಿಂತ ಎತ್ತರದ್ದಾಗಿತ್ತು. "ನನ್ನನ್ನ ಎತ್ತೋರು ಊರಲ್ಲಿ ಬೇಕಾದಷ್ಟು ಜನ ಇದಾರೆ. ಎತ್ತಿಸ್ಕೊಳ್ಳೋಕೆ ಇಲ್ಲಿವರೆಗೂ ಬರಬೇಕಿರಲಿಲ್ಲ," ಎಂದು ಹೇಳಿ ಹೊರಟುಬಂದೆ.

*

ವಾರದ ನಡುವೆ, ಯಾರೂ ಕರೆಯದೆ, ಸಾಮಾನಿನ ಲಿಫ್ಟು ಪರೀಕ್ಷೆ ಮಾಡಲು ಬಂದರು.

"ಲಿಫ್ಟಿಗೆ ಏನೂ ಆಗಿಲ್ವಲ್ಲ," ಎಂದಳು ಗುಂಡುಪಿನ್. ಅವಳ ಹಲ್ಲುನೋವು ಹೋಗಿತ್ತು, ನಾಲಿಗೆಗೆ ದುಪ್ಪಟ್ಟು ಶಕ್ತಿ ಬಂದಿತ್ತು. "ಅಥವಾ ನಮ್ಮಕ್ಕನ ಮೂಗಿನ ತುದೀಲಿ ಸಿಕ್ಕಾಕೊಂಡಿರೋ ಸಿಟ್ಟು ಇಳಿಸೋಕೆ ಬಂದ್ರಾ?"

"ಎರಡೂ," ಎಂದರು ಅವರು.

"ಹಾಗಾದ್ರೆ ನಾನು ಸೋಪಿನ ಪುಡಿ ತರ್ತೀನಿ. ನಿಧಾನವಾಗಿ ತರ್ತೀನಿ." ಹೋಗುವಾಗ ಬಾಗಿಲನ್ನು ಅಗತ್ಯಕ್ಕಿಂತ ಜೋರಾಗಿ ಮುಚ್ಚಿದಳು.

ಅವರು ಕೈ ತೊಳೆದುಕೊಂಡು ಬಂದು ಹೊದಿಕೆಯ ಆ ತುದಿ ಹಿಡಿದರು. ಒಂದು ಮಡಿಕೆ ಮುಗಿಸಿದೆವು.

"ನಮ್ಮಮ್ಮ ಕೊನೇ ವರ್ಷಗಳಲ್ಲಿ ಹಾಸಿಗೆ ಹಿಡಿದಿದ್ರು," ಎಂದರು ಆಮೇಲೆ. "ನಾನೊಬ್ಬನೇ ಮಗ. ಮದುವೆ ಗಿದುವೆ ಅಂತ ಯೋಚನೆ ಮಾಡೋಕೆ ಪುರುಸೊತ್ತೇ ಇರಲಿಲ್ಲ. ಎತ್ತಿ ಕೂರಿಸೋದು, ಎತ್ತಿ ಮಲಗಿಸೋದು. ಅದೇ ಅಭ್ಯಾಸ ಆಗೋಯ್ತು. ಯಾರಾದ್ರೂ ಕಷ್ಟಪಡ್ತಿದ್ರೆ ನೋಡೋಕಾಗಲ್ಲ, ಕೈ ತಾನೇ ಎಳೆದುಬಿಡತ್ತೆ. ಬೇರೆ ಹೊಸಬರು ಕಿರುಚಿದಾಗ ಹೇಗೋ ತಡ್ಕೊತೀನಿ. ನೀವು ಕಿರುಚಿದಾಗ ಆಗ್ಲಿಲ್ಲ."

ಕೊನೆಯ ಮಾತನ್ನು ಹೊದಿಕೆಗೆ ಹೇಳಿದರು, ನನಗಲ್ಲ.

ಸಿಟ್ಟು ಕರಗತೊಡಗಿತು. ಕರಗಲು ಬಿಡಬಾರದೆಂದು ಗಟ್ಟಿಯಾಗಿ ಹೇಳಿದೆ. "ನಾನು ನಿಮ್ಮಮ್ಮ ಅಲ್ಲ."

"ಅಲ್ಲ." ತಲೆ ಎತ್ತಿ ನೋಡಿದರು. "ಅದು ಚೆನ್ನಾಗಿ ಗೊತ್ತು."

ಆ ನೋಟ ಒಂದು ಕ್ಷಣ ನನ್ನ ಮೇಲೆ ನಿಂತಿತು, ಮತ್ತೆ ತಪ್ಪು ಮಾಡಿದವರಂತೆ ಮೂಲೆಗೆ ಇಳಿಯಿತು. ನನ್ನ ಕಿವಿ ಬಿಸಿಯಾಯಿತು. ಇಸ್ತ್ರಿ ಯಂತ್ರದ ಶಾಖವೆಂದುಕೊಳ್ಳೋಣವೆಂದರೆ ಅದು ಆಗ ಆಫ್ ಆಗಿತ್ತು.

"ಮುಂದಿನ ಭಾನುವಾರ ಬರ್ತೀನಿ. ಹಗ್ಗ ಸಡಿಲ ಬಿಡಿ. ಬಿದ್ರೆ ಬೀಳ್ತೀನಿ. ಬಿದ್ದ ಮೇಲೆ ಹಿಡೀರಿ, ಅದಕ್ಕೆ ಮುಂಚೆ ಬೇಡ."

"ನೋಡೋಕೆ ಕಷ್ಟ ಆಗತ್ತೆ."

"ಆಗ್ಲಿ. ಕಷ್ಟ ನಿಮ್ದು. ಗೋಡೆ ನನ್ದು."

*

ಬಿದ್ದೆ. ಆ ಭಾನುವಾರ ಬಿದ್ದೆ, ಅದರ ಮುಂದಿನ ಭಾನುವಾರವೂ ಬಿದ್ದೆ. ಬೀಳುವುದೆಂದರೆ ಒಂದು ಗೇಣು ಜಾರಿ ಹಗ್ಗದಲ್ಲಿ ಕೂರುವುದು, ಅಷ್ಟೆ. ಆ ಒಂದು ಗೇಣಿಗಾಗಿ ಎಷ್ಟು ವರ್ಷ ಹೆದರಿಕೊಂಡಿದ್ದೆನೆಂದು ನಗು ಬಂತು.

ಮೆಲ್ಲಗೆ ಪಾಠ ಮೈಗೆ ಹತ್ತಿತು. ಕೈಯಿಂದ ಜಗ್ಗಬಾರದು, ಕಾಲಿನಿಂದ ಏಳಬೇಕು. ಕೈ ನೆಟ್ಟಗೆ ಚಾಚಿದ್ದರೆ ದಣಿವಾಗದು. ಪಾದದ ನಡುಭಾಗವಲ್ಲ, ಹೆಬ್ಬೆರಳಿನ ತುದಿ ಹಿಡಿಕೆಯ ಮೇಲೆ ಕೂರಬೇಕು. ಮೇಲೆ ನೋಡುತ್ತಾ ಹಂಬಲಿಸುವುದಕ್ಕಿಂತ ಕಾಲು ಎಲ್ಲಿದೆಯೆಂದು ನೋಡಿಕೊಳ್ಳಬೇಕು. ಇಳಿಯುವಾಗ ಕುರ್ಚಿಯಲ್ಲಿ ಕೂತ ಹಾಗೆ ಹಿಂದಕ್ಕೆ ಒರಗಿ, ಕಾಲು ಅಗಲಿಸಿ, ಗೋಡೆಯ ಮೇಲೆ ನಡೆದು ಬರಬೇಕು.

ಅವರು ಸಡಿಲ ಬಿಡುವುದನ್ನು ಕಲಿಯುತ್ತಿದ್ದರು. ಮೇಲಿಂದ ನೋಡಿದರೆ ತಿಳಿಯುತ್ತಿತ್ತು. ತುಟಿ ಕಚ್ಚಿಕೊಂಡು, ಕುತ್ತಿಗೆ ಚಾಚಿಕೊಂಡು, ಪರೀಕ್ಷೆಯ ಹಾಲಿನ ಹೊರಗೆ ನಿಂತ ಅಪ್ಪನ ಹಾಗೆ ಚಡಪಡಿಸುತ್ತಿದ್ದರು. ಆದರೆ ಎಳೆಯಲಿಲ್ಲ.

ಒಂದು ದಿನ ನನಗೂ ಬಿಲೇ ಕಲಿಸಿದರು. ಕಲಿತ ಮೇಲೆ ಅವರು ಹತ್ತಿದರು, ನಾನು ಹಗ್ಗ ಹಿಡಿದೆ.

"ಜಾರಿ ತೋರಿಸ್ಲಾ?" ಎಂದು ಮೇಲಿಂದ ಕೂಗಿದರು.

"ಜಾರಿ. ನಾನೇನು ಹೆದರ್ತೀನಾ?"

ಅವರು ಕೈಬಿಟ್ಟು ಹಗ್ಗದಲ್ಲಿ ಕೂತರು. ಅವರ ಮೈಭಾರ ನನ್ನದಕ್ಕಿಂತ ಎಷ್ಟೋ ಹೆಚ್ಚು. ನನ್ನ ಕಾಲು ನೆಲ ಬಿಟ್ಟಿತು. ಬಲಗೈ ಬಿಡದೆ ಹಾಗೇ ಗಾಳಿಯಲ್ಲಿ ನೇತಾಡಿದೆ.

"ಅಕ್ಕಾ, ಹಾರ್ತಾ ಇದ್ದೀಯಾ!" ಎಂದು ಬೆಂಚಿನಿಂದ ಗುಂಡುಪಿನ್ ಕೂಗಿದಳು. ತಾನು ಹತ್ತುವುದಿಲ್ಲ, ನೋಡಲು ಮಾತ್ರ ಬಂದವಳು, ಜೊತೆಗೆ ಚುರುಮುರಿ ಪೊಟ್ಟಣ ಬೇರೆ.

ಅವರು ಮೇಲಿನಿಂದ, ನಾನು ಕೆಳಗಿನಿಂದ, ಇಬ್ಬರೂ ನೇತಾಡುತ್ತಾ ನಕ್ಕೆವು. ನಕ್ಕಷ್ಟೂ ಹಗ್ಗ ತೂಗಿತು.

"ಇನ್ಮೇಲೆ ನಿಮ್ಮನ್ನ ನೆಲಕ್ಕೆ ಕಟ್ಟಿಹಾಕ್ಬೇಕು. ಅದಕ್ಕೇ ಒಂದು ಪಟ್ಟಿ ಇದೆ," ಎಂದರು ಇಳಿದು ಬಂದು.

"ಕಟ್ಟಿಹಾಕೋ ಮಾತು ನನ್ನ ಹತ್ರ ಆಡಬೇಡಿ."

"ತಪ್ಪಾಯ್ತು," ಎಂದು ಕೈಮುಗಿದರು. ಹಿಡಿತ ಜಾರದಿರಲೆಂದು ಹಚ್ಚಿಕೊಂಡಿದ್ದ ಸೀಮೆಸುಣ್ಣದ ಪುಡಿ ಬೆರಳುಗಳ ನಡುವಿಂದ ಉದುರಿತು. "ಹಾರ್ತಾ ಇರಿ. ನೋಡೋಕೆ ಚೆನ್ನಾಗಿತ್ತು."

*

ಅಷ್ಟರಲ್ಲಿ ಅತ್ತಿಗೆಯ ಫೋನು ಬಂತು. ನಾನು ಮಧ್ಯಾಹ್ನದ ಊಟದ ಡಬ್ಬಿ ತೊಳೆಯುತ್ತಿದ್ದೆ.

"ನೀನು ಉತ್ತರಾನೇ ಬರೀಲಿಲ್ಲ ಅಂತ ನಿಮ್ಮಣ್ಣ ಒಪ್ಪಿಗೆ ಅಂದ್ಕೊಂಡಿದಾರೆ ಕಣೇ. ಮುಂದಿನ ಶನಿವಾರಕ್ಕೆ ವ್ಯಾನ್ ಹೇಳಿ ಆಯ್ತು. ತಾವೇ ಬರ್ತಾರಂತೆ, ಸಾಮಾನು ಕಟ್ಟಿಸೋಕೆ. ನಿಮ್ಮ ಆಸ್ಪತ್ರೆಯ ಸಾಹೇಬರ ಹತ್ರಾನೂ ತಾವೇ ಮಾತಾಡ್ತಾರಂತೆ."

ನಲ್ಲಿ ನಿಲ್ಲಿಸಿದೆ. "ಅತ್ತಿಗೆ, ನಿಮ್ಮ ಮಂಡಿ ಹೇಗಿದೆ?"

"ಮಂಡಿ ನೋಯತ್ತೆ. ಸುಳ್ಳು ಹೇಳಲ್ಲ." ಅತ್ತಿಗೆ ದನಿ ತಗ್ಗಿಸಿದರು. "ಆದ್ರೆ ನಿನ್ನನ್ನ ಕರೆಸಿ ಅಂತ ನಾನು ಹೇಳಿಲ್ಲಮ್ಮ. ಬೇಡ ಅನ್ನೋದಾದ್ರೆ ನೀನೇ ಬರಿ. ನನ್ನ ಮಾತು ಅವರಿಗೆ ಯಾವತ್ತು ಕೇಳಿಸಿದೆ?"

ಆ ಭಾನುವಾರ ಗೋದಾಮಿಗೆ ಬೇಗ ಹೋದೆ. ಅವರೊಬ್ಬರೇ ಹಗ್ಗಗಳನ್ನು ಅಂಗೈಯಲ್ಲಿ ಜಾರಿಸುತ್ತಾ ಎಲ್ಲಾದರೂ ಸವೆದಿದೆಯೇ ಎಂದು ನೋಡುತ್ತಿದ್ದರು. ಕಾಗದ, ಕೋಣೆ, ವ್ಯಾನು, ಎಲ್ಲ ಹೇಳಿದೆ. ಕೇಳುತ್ತಾ ಹೋದ ಹಾಗೆ ಅವರ ಅಂಗೈಯಲ್ಲಿ ಹಗ್ಗ ನಿಂತುಹೋಯಿತು.

"ನಾನು ಇವತ್ತೇ ಹೊರಡ್ತೀನಿ. ನಿಮ್ಮಣ್ಣನ ಹತ್ರ ನಾನು ಮಾತಾಡ್ತೀನಿ. ನಿಮ್ಮನ್ನ ಮದುವೆ ಆಗ್ತೀನಿ ಅಂತ ಕೇಳ್ತೀನಿ. ನೀವು ಏನೂ ತಲೆ ಕೆಡಿಸ್ಕೋಬೇಡಿ, ಎಲ್ಲ ನಾನು ನೋಡ್ಕೋತೀನಿ."

ಎಷ್ಟೋ ವರ್ಷಗಳಿಂದ ಯಾರೂ ತಟ್ಟದ ಬಾಗಿಲನ್ನು ಯಾರೋ ತಟ್ಟಿದ ಹಾಗಾಯಿತು. ಎದ್ದು ತೆರೆಯುವ ಮೊದಲೇ ಅವರು ಕಿಟಕಿಯಿಂದ ಒಳಗೆ ಹಾರಿದ್ದರು.

"ಮದುವೆ ಯಾರನ್ನ ಆಗ್ತಿದ್ದೀರಿ? ನಮ್ಮಣ್ಣನ್ನಾ?"

"ಅಲ್ಲ..."

"ಮತ್ತೆ ಅವನನ್ನ ಕೇಳೋಕೆ ಓಡ್ತಿದ್ದೀರಿ? ನಾನು ಇಲ್ಲೇ ನಿಂತಿದ್ದೀನಿ. ನನ್ನನ್ನ ಕೇಳೋದು ಬಿಟ್ಟು! ಅವನು ಒಂದು ಕಡೆಯಿಂದ ಎತ್ತಿ ವ್ಯಾನಿಗೆ ಹಾಕ್ತಾನೆ, ನೀವು ಇನ್ನೊಂದು ಕಡೆಯಿಂದ ಎತ್ತಿ ಇಳಿಸ್ತೀರಿ. ನಾನೇನು ಬೀರುವಾ?"

ಅವರು ಹಗ್ಗ ಕೆಳಗಿಟ್ಟರು. ಮುಖ ಕೆಂಪಾಯಿತು. "ಮತ್ತೆ ಎಳೆದುಬಿಟ್ಟೆ," ಎಂದರು ಸಣ್ಣ ದನಿಯಲ್ಲಿ.

"ಎಳೆದ್ರಿ. ಹಾರ್ನೆಸ್ ಹಾಕ್ಕೊಳ್ಳಿ. ನಾನು ಹತ್ತಬೇಕು."

*

ಗಂಟು ಹಾಕಿದೆ. ಅವರು ಎಳೆದು ನೋಡಿದರು. ನಾನು ಅವರ ಕೊಂಡಿಯ ಬೀಗ ಒತ್ತಿ ನೋಡಿದೆ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಕಾಲೇಜು ಹುಡುಗಿಯರು ಆಗಷ್ಟೇ ಬಂದು ಶೂ ಕಟ್ಟಿಕೊಳ್ಳುತ್ತಿದ್ದವರು ನಮ್ಮ ಮುಖ ನೋಡಿ ಪಿಸುಗುಟ್ಟಿಕೊಂಡರು. ಅವರ ಹಿಂದೆಯೇ ಬಂದು ಬೆಂಚಿನಲ್ಲಿ ಕೂತಿದ್ದ ಗುಂಡುಪಿನ್ ಚುರುಮುರಿ ತಿನ್ನುವುದನ್ನು ನಿಲ್ಲಿಸಿದಳು. ಅದು ದೊಡ್ಡ ಸಂಗತಿ.

ಮೊದಲ ಅರ್ಧ ನನ್ನ ಕಾಲಿಗೆ ಬಾಯಿಪಾಠವಾಗಿತ್ತು. ಗೋಡೆಯ ಉಬ್ಬಿದ ಹೊಟ್ಟೆಯ ಕೆಳಗೆ ಬಂದು ನಿಂತೆ. ಅವರು ಎಳೆಯುವುದನ್ನು ಬಿಟ್ಟ ಮೇಲೆ ಅಲ್ಲಿಂದಾಚೆ ನಾನು ಒಮ್ಮೆಯೂ ಹೋಗಿರಲಿಲ್ಲ. ಕೈ ಚಾಚಿದೆ, ಹಿಡಿಕೆ ಬೆರಳಿಗೆ ಸೋಕಿತು, ಬಿದ್ದೆ.

ಹಗ್ಗ ಹಿಡಿಯಿತು.

ಮತ್ತೆ ಹತ್ತಿದೆ. ಮತ್ತೆ ಬಿದ್ದೆ. ಈ ಸಲ ಮೊಣಕೈ ತರಚಿ ಉರಿಯಿತು. ಕೆಳಗೆ ನೋಡಿದೆ. ಅವರು ಕಣ್ಣು ಪಿಳುಕಿಸದೆ ನನ್ನನ್ನೇ ನೋಡುತ್ತಿದ್ದರು. ಒಂದು ಜಗ್ಗಿದರೆ ಸಾಕು, ನಾನು ಆಚೆ ದಾಟಿರುತ್ತಿದ್ದೆ. ಅದು ಅವರಿಗೂ ಗೊತ್ತು. ನಾನು ಮತ್ತೆ ಹಿಡಿಕೆಗೆ ಅಂಟಿಕೊಂಡ ಕೂಡಲೇ ಹಗ್ಗ ನನ್ನ ಮುಖದ ಮುಂದೆ ಸಡಿಲವಾಗಿ ಬಾಗಿ ನಿಂತಿತು. ಅಷ್ಟು ಚಂದದ ವಸ್ತುವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮೂರನೆಯ ಸಲ ಮೇಲೆ ನೋಡಲಿಲ್ಲ. ಎಡಗಾಲು ಎತ್ತಿ, ಸೊಂಟದಷ್ಟು ಎತ್ತರದ ಹಳದಿ ಹಿಡಿಕೆಯ ಮೇಲೆ ಹೆಬ್ಬೆರಳಿಟ್ಟೆ. ಎದ್ದು ನಿಂತೆ. ಕೈ ತಾನಾಗಿಯೇ ಹೊಟ್ಟೆಯ ಆಚೆಗೆ ಹೋಯಿತು. ದೊಡ್ಡ ಹಿಡಿಕೆ, ನೀರಿನ ಚೊಂಬಿನ ಬಾಯಿಯ ಹಾಗೆ. ಹಿಡಿದುಕೊಂಡೆ.

ಮೇಲಿನ ಕೊಂಡಿಗೆ ಅಂಗೈಯಿಂದ ಹೊಡೆದಾಗ ಗೋದಾಮೆಲ್ಲ ಠಣ್ಣೆಂದಿತು.

"ಇಳಿಸಲಾ?" ಎಂದು ಕೆಳಗಿಂದ ಕೇಳಿದರು. ದನಿ ಒಡೆದಿತ್ತು.

"ಬೇಡ! ಕೇಳಿಸ್ಕೊಳ್ಳಿ ಮೊದಲು!"

"ಇಲ್ಲಿಂದಲಾ?"

"ಇಲ್ಲಿಂದಲೇ! ನನಗೆ ನಿಮ್ಮನ್ನ ಮದುವೆ ಆಗೋಕೆ ಇಷ್ಟ ಇದೆ! ಆದ್ರೆ ಅಣ್ಣನಿಗೆ ನಾನೇ ಬರೀತೀನಿ! ಕೆಲಸ ಬಿಡಲ್ಲ! ಸಂಸಾರ ಎಲ್ಲಿ ಮಾಡೋದು ಅಂತ ಇಬ್ಬರೂ ಕೂತು ಮಾತಾಡೋಣ, ನೀವೊಬ್ಬರೇ ನಿರ್ಧಾರ ಮಾಡೋ ಹಾಗಿಲ್ಲ! ನಾನು ಕೇಳದೆ ನನ್ನನ್ನ ಎತ್ತೋ ಹಾಗಿಲ್ಲ! ಆಗತ್ತಾ, ಆಗಲ್ವಾ?"

ಬಗ್ಗಿ ನೋಡಿದೆ. ಅವರು ತಲೆ ಎತ್ತಿಯೇ ಇದ್ದರು. ಕಣ್ಣಿನಿಂದ ನೀರು ಇಳಿದು ಮೀಸೆಗೆ ಸೇರುತ್ತಿತ್ತು. ಬಲಗೈ ಹಗ್ಗ ಬಿಡುವ ಹಾಗಿಲ್ಲ, ಎಡಗೈಯೂ ಹಗ್ಗದ ಮೇಲೆ. ಒರೆಸಿಕೊಳ್ಳಲು ಕೈಯಿಲ್ಲದೆ, ಭುಜಕ್ಕೆ ಕೆನ್ನೆ ತಿಕ್ಕಲು ಹೆಣಗುತ್ತಿದ್ದರು.

"ಅಯ್ಯೋ, ಯಾರಾದ್ರೂ ಅವರ ಮುಖ ಒರೆಸ್ರೇ!" ಎಂದೆ.

ಗುಂಡುಪಿನ್ ಓಡಿಬಂದು ತನ್ನ ಕರ್ಚೀಫಿನಿಂದ ಒರೆಸಿದಳು. "ಭಾವ, ಬೇಗ ಹೇಳ್ರಪ್ಪ. ನಮ್ಮಕ್ಕ ಅಲ್ಲಿ ಒಣಗೋಕೆ ಹಾಕಿದ ಬಟ್ಟೆ ಥರ ನೇತಾಡ್ತಿದಾಳೆ."

"ಆಗತ್ತೆ!" ಎಂದು ಅವರು ಕೂಗಿದರು. "ಎಲ್ಲಾ ಆಗತ್ತೆ! ಒಂದು ಮಾತು ನಂದೂ ಇದೆ!"

"ಏನು?"

"ನಾನೂ ಬೀಳ್ತೀನಿ. ಆಗ ನೀವೂ ಸುಮ್ನೆ ಹಿಡ್ಕೊಂಡಿರಬೇಕು. ಬೈಯೋ ಹಾಗಿಲ್ಲ!"

"ಅದನ್ನ ಯೋಚನೆ ಮಾಡಿ ಹೇಳ್ತೀನಿ! ಇಳಿಸಿ ಈಗ!"

ಹಿಂದಕ್ಕೆ ಒರಗಿ, ಗೋಡೆಯ ಮೇಲೆ ನಡೆದುಕೊಂಡು ಬಂದೆ. ಅವರು ನಿಧಾನವಾಗಿ ಇಳಿಸಿದರು, ಬೇಕೆಂದೇ ಇನ್ನೂ ನಿಧಾನವಾಗಿ. ಕಾಲು ನೆಲ ಮುಟ್ಟಿದಾಗ ಇಬ್ಬರ ನಡುವೆ ಒಂದು ಮೊಳದ ಹಗ್ಗ ಉಳಿದಿತ್ತು. ನಾನೇ ಒಂದು ಹೆಜ್ಜೆ ಮುಂದೆ ಇಟ್ಟೆ. 'ನೋಡ್ಬೇಡ್ರೇ' ಎಂದು ಗುಂಡುಪಿನ್ ಕಾಲೇಜು ಹುಡುಗಿಯರ ಕಣ್ಣು ಮುಚ್ಚಿದಳು. ತನ್ನದು ತೆರೆದೇ ಇತ್ತು.

*

ಹಾರ್ನೆಸ್ ಬಿಚ್ಚದೆ ಬೆಂಚಿನ ಮೇಲೆ ಕೂತು ಕಾಗದ ಬರೆದೆ. ಹಾಳೆ ಹುಡುಗಿಯರದ್ದು, ಪೆನ್ನು ಲಿಫ್ಟಿನವರ ಸಲಕರಣೆ ಚೀಲದ್ದು, ಅಂಚೆ ಕವರು ಮಾತ್ರ ನಾನು ವಾರಗಳಿಂದ ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದದ್ದು. ಹತ್ತಿದ ದಣಿವು ಇನ್ನೂ ಬೆರಳಲ್ಲಿತ್ತು. ಅಕ್ಷರ ಸೊಟ್ಟಗಾದವು, ಆಗಲಿ.

"ತೀರ್ಥರೂಪ ಅಣ್ಣನಿಗೆ ನಿನ್ನ ತಂಗಿ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನಾನು ಅಲ್ಲಿಗೆ ಬರುವುದಿಲ್ಲ. ವ್ಯಾನು ಬೇಡವೆಂದು ಹೇಳಿಬಿಡು. ಅತ್ತಿಗೆಯ ಮಂಡಿಯನ್ನು ಒಳ್ಳೆಯ ಡಾಕ್ಟರಿಗೆ ತೋರಿಸು, ಮತ್ತು ಮಹಡಿಯ ಕೆಲಸಕ್ಕೆ ಅವರನ್ನು ಹತ್ತಿಸಬೇಡ, ನೀನು ಹತ್ತು. ನಾನು ಬಿದ್ದಾಗ ನೀನು ಎತ್ತಿದ್ದನ್ನು ಸಾಯುವವರೆಗೂ ಮರೆಯುವುದಿಲ್ಲ. ಈಗ ನಾನು ಎದ್ದು ನಿಂತು ಬಹಳ ಕಾಲವಾಯಿತು. ನಾನು ಮದುವೆಯಾಗುತ್ತಿದ್ದೇನೆ. ಅವರು ಲಿಫ್ಟು ರಿಪೇರಿ ಮಾಡುತ್ತಾರೆ. ನಿನ್ನ ಒಪ್ಪಿಗೆ ಕೇಳಲು ಬರೆದದ್ದಲ್ಲ, ನಿನಗೆ ಮೊದಲು ತಿಳಿಯಲಿ ಎಂದು ಬರೆದದ್ದು. ನೀನೂ ಅತ್ತಿಗೆಯೂ ಅವಶ್ಯ ಬರುವುದು. ಬಂದರೆ ಸಂತೋಷ. ಬಾರದಿದ್ದರೂ ಮದುವೆ ನಿಲ್ಲುವುದಿಲ್ಲ."

ಅವರು ಓದಲಿಲ್ಲ. ಓದಿ ಎಂದೂ ನಾನು ಕೊಡಲಿಲ್ಲ. ಕವರಿನ ಅಂಟಿಗೆ ನಾಲಿಗೆ ತಾಕಿಸಿದಾಗ ಸೀಮೆಸುಣ್ಣದ ರುಚಿ.

ಅಂಚೆ ಪೆಟ್ಟಿಗೆ ಡಿಪೋದ ಎದುರಿಗಿತ್ತು, ರಸ್ತೆಯ ಆಚೆ. ಅವರು ಜೊತೆಗೆ ಬಂದರು. ರಸ್ತೆಯ ಅಂಚಿನಲ್ಲಿ ಅವರ ಕೈ ನನ್ನ ಮೊಣಕೈ ಹಿಡಿಯಲು ಮೇಲೆದ್ದಿತು. ನಾನು ನೋಡಿದೆ. ಕೈ ಹಾಗೇ ಜೇಬಿಗೆ ಹೋಯಿತು.

"ಇಲ್ಲೇ ನಿಂತಿರ್ತೀನಿ," ಎಂದರು.

ಎರಡೂ ಕಡೆ ನೋಡಿ, ಬಸ್ಸೊಂದನ್ನು ಹೋಗಲು ಬಿಟ್ಟು, ನಾನೊಬ್ಬಳೇ ರಸ್ತೆ ದಾಟಿದೆ. ಪೆಟ್ಟಿಗೆಯ ಬಾಯಿ ಬಿಗಿಯಾಗಿತ್ತು. ಬೆರಳಿನಿಂದ ರೆಕ್ಕೆಯನ್ನು ಒಳಕ್ಕೆ ತಳ್ಳಿ ಹಿಡಿದು, ಕಾಗದವನ್ನು ಬೆರಳು ಹೋಗುವಷ್ಟೂ ಒಳಗಿಟ್ಟು ಕೈ ಬಿಟ್ಟೆ. ತಳಕ್ಕೆ ಬಿದ್ದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.